ನೀಲಪ್ಪ ಮಾಡಿದ ಪಿನ್ನು

ನಮ್ಮ ಮಾಸೂರಿನ ಕಮ್ಮಾರ ನೀಲಪ್ಪನಿಗೆ ಕಬ್ಬಿಣದ ವಿಷಯದಲ್ಲಿ ಬಲು ಜಂಬ. ಗುಜರಿ ತುಂಡನ್ನು ಸಾಣೆಗೆ ಹಿಡಿದು, ಹಾರುವ ಕಿಡಿ ನೋಡಿಯೇ ಅದು ಸ್ಪ್ರಿಂಗ್ ಪಟ್ಟಿಯೋ, ಆಕ್ಸಲ್ಲೋ, ಬರೀ ಕಟ್ಟಡದ ಸರಳೋ ಹೇಳುತ್ತಿದ್ದ. ಒಪ್ಪಿಕೊಳ್ಳಲು ನನಗೆ ಹೊಟ್ಟೆಯುರಿ, ಆದರೆ ಒಮ್ಮೆಯೂ ತಪ್ಪಿದ್ದು ಕಂಡಿಲ್ಲ.

ಎರಡು ವರ್ಷದ ಹಿಂದೆ ಸವಣೂರಿನ ಸಿರಾಜುದ್ದೀನನ ಗುಜರಿಯಿಂದ ಲಾರಿಯ ಆಕ್ಸಲ್ ತಂದು, ನಮ್ಮೂರ ಬಸವಣ್ಣೆಪ್ಪನ ಟ್ರ್ಯಾಕ್ಟರಿಗೆ ಟ್ರೈಲರ್ ಸಿಕ್ಕಿಸುವ ಪಿನ್ನು ಮಾಡಿದ. ಅಂಥ ಗಟ್ಟಿ ಉಕ್ಕನ್ನು ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು; ನೀರಿಗೆ ಹಾಕಿದರೆ ಸೀಳುತ್ತದೆ. ಇವನು ಜೀವನವಿಡೀ ಕುಡುಗೋಲಿಗೆ ಕೊಟ್ಟಂತೆ ನೀರು ಕೊಟ್ಟ. ನೀರಿನೊಳಗೆ ‘ಟಿಕ್’ ಎಂದಿತು. ಇಕ್ಕಳ ನೀರಿನ ಬಾನಿಗೆ ತಾಗಿರಬೇಕು ಎಂದುಕೊಂಡ. ಮೇಲೊಂದು ಗೆರೆಯೂ ಕಾಣಲಿಲ್ಲ. ಪೆಡಸು ಇಳಿಯಲೆಂದು ಮತ್ತೊಮ್ಮೆ ಹದವಾಗಿ ಕಾಯಿಸಿ ಕೊಟ್ಟುಬಿಟ್ಟ.

ತಿಂಗಳೊಳಗೆ ಮದಗದ ಕೆರೆಯ ಏರಿ ಹತ್ತುವಾಗ ಪಿನ್ನು ಮುರಿಯಿತು. ಗೋವಿನಜೋಳ ತುಂಬಿದ ಟ್ರೈಲರ್ ಹಿಂದಕ್ಕೆ ಉರುಳಿ, ಹಿಂದೆ ನಡೆದು ಬರುತ್ತಿದ್ದ ಬಸವಣ್ಣೆಪ್ಪ ಅದರಡಿ ಸತ್ತ. ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಮಗ ಚನ್ನೇಶ. ಕ್ಲಚ್ಚನ್ನು ಒಮ್ಮೆಲೇ ಬಿಟ್ಟು ಪಿನ್ನು ಮುರಿದ, ಅಪ್ಪನನ್ನು ಕೊಂದ ಎಂದು ಊರೆಲ್ಲ ಆಡಿಕೊಂಡಿತು. ನಾನೂ ಆಡಿದೆ, ನಾಚಿಕೆಯಾಗುತ್ತದೆ.

ನೀರಿನೊಳಗಿನ ಆ ‘ಟಿಕ್’ ಸದ್ದು ಮಾತ್ರ ನೀಲಪ್ಪನ ಬೆನ್ನು ಬಿಡಲಿಲ್ಲ. ಲೋಟ ಇಟ್ಟರೆ ಅದೇ, ಚಿಲಕ ಬಿದ್ದರೆ ಅದೇ. ಹಾಡುಹಗಲೇ ಬೆಚ್ಚಿ ತಿರುಗಿ ನೋಡುತ್ತಿದ್ದ. ತಾನೇ ತಪ್ಪು ಮಾಡಿದೆನೋ ಇಲ್ಲವೋ ಎಂದು ತಿಳಿಯಲು ಮುರಿದ ತುಂಡನ್ನು ನೋಡಬೇಕಿತ್ತು. ಅದು ಬಸವಣ್ಣೆಪ್ಪನ ಮನೆಯಲ್ಲಿತ್ತು; ಕೇಳುವ ಧೈರ್ಯ ಬರಲಿಲ್ಲ.

ಮೊನ್ನೆ ನಾನು ಕುಲುಮೆಯಲ್ಲಿ ಕೂತಿದ್ದಾಗ ಬಸವಣ್ಣೆಪ್ಪನ ಹೆಂಡತಿ ಸರೋಜವ್ವ ತಾನಾಗಿಯೇ ಬಂದಳು. ಎಣ್ಣೆಬಟ್ಟೆ ಬಿಚ್ಚಿ ಆ ತುಂಡು ಇಟ್ಟಳು.

“ಭಾಳ ಚಲೋ ಕಬ್ಬಿಣ ಅಂದಿದ್ರಿ. ಮನ್ಯಾಗ ಇಟ್ಕೊಂಡು ಏನ್ ಮಾಡ್ಲಿ? ಒಂದು ಕುಡಗೋಲ ಮಾಡಿಕೊಡ್ರಿ.”

ಮುರಿದ ಜಾಗ ಅರ್ಧ ಬೂದು, ಅರ್ಧ ಕಪ್ಪು. ಕಪ್ಪಾಗಿದ್ದು ಕುಲುಮೆಯಲ್ಲಿ ಎರಡನೇ ಸಲ ಕಾಯಿಸಿದಾಗ. ಅಂದರೆ ಪಿನ್ನು ಕೈಬಿಟ್ಟು ಹೋಗುವ ಮೊದಲೇ ಒಳಗೆ ಸೀಳಿತ್ತು. ಅದನ್ನು ಓದಬಲ್ಲವನು ಊರಲ್ಲಿ ನೀಲಪ್ಪ ಒಬ್ಬನೇ. ಬೆಂಕಿಗೆ ಹಾಕಿ ಎರಡು ಏಟು ಬಡಿದಿದ್ದರೆ ಗುರುತೇ ಅಳಿದುಹೋಗುತ್ತಿತ್ತು. ನೀಲಪ್ಪ ಇಕ್ಕಳ ಕೆಳಗಿಟ್ಟ.

“ಯಕ್ಕಾ, ಇದು ಇಲ್ಲೇ ಸೀಳಿತ್ತು. ಸಪ್ಪಳ ಕೇಳಿನೂ ಸುಮ್ಮನಾದೆ. ತಪ್ಪು ನಂದು.”

ಸರೋಜವ್ವ ತುಂಡನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು. ಆಮೇಲೆ, “ನನ್ನ ಮುಂದ ಯಾಕ ಹೇಳ್ತೀರಿ? ಬರ್ರಿ, ನನ್ನ ಮಗನ ಮುಂದ ಹೇಳ್ರಿ,” ಎಂದಳು.

ಮೂವರೂ ಹೋದೆವು. ಚನ್ನೇಶ ಎಲ್ಲ ಕೇಳಿದ. ತುಂಡನ್ನು ಮುಟ್ಟಲೂ ಇಲ್ಲ.

“ಹಂಗಾರ ನಮ್ಮಪ್ಪನ್ನ ನಾ ಕೊಂದಿಲ್ಲೇನ್ರಿ?”

“ಇಲ್ಲಪಾ,” ಎಂದ ನೀಲಪ್ಪ, “ನಾ ಕೊಂದೇನಿ.”