ತೂಬಿಲ್ಲದ ನೀರು

ಶ್ರೀನಿವಾಸಪುರದ ನಮ್ಮ ನಡುಮನೆಯಲ್ಲಿ ಕನ್ನಡಿಯನ್ನು ಇಳಿಸಿ, ಅದೇ ಮೊಳೆಗೆ ಒಂದು ಚಿತ್ರವನ್ನು ತೂಗುಹಾಕಿದ್ದರು. ತಲೆ ಬಾಚಿಕೊಳ್ಳಲು ಹೋದ ನನಗೆ ಹದಿನೈದು ದಿನ ಸಮುದ್ರವೇ ಕಾಣುತ್ತಿತ್ತು. ‘ನಿಮ್ಮ ಮುಖಕ್ಕಿಂತ ಅದೇ ವಾಸಿ’ ಎನ್ನುತ್ತೀರೇನೋ. ಆದರೆ ನನ್ನ ಮುಖ ನನ್ನನ್ನು ಇಷ್ಟು ಹೆದರಿಸಿದ್ದಿಲ್ಲ.

ಹಿಂದಿನ ಕಾಲದ ಯಾರೋ ಬಿಳಿಯ ದೊರೆ ನೀರುಬಣ್ಣದಲ್ಲಿ ಬರೆದ ಕೊಚ್ಚಿ ಬಂದರಿನ ಅಚ್ಚುಪ್ರತಿ ಅದು. ಜೇನುಬಣ್ಣದ ಆಕಾಶ, ಮಂಜಿನಲ್ಲಿ ಅರ್ಧ ಕರಗಿದ ಹಡಗುಗಳು, ನೀರಿಗೆ ಕಾಲು ಇಳಿಬಿಟ್ಟು ಕುಳಿತಂತಿದ್ದ ಹಳೆಯ ಮಹಡಿಮನೆಗಳು. ಕಳಿಸಿದವನು ಮಾಲೂರಿನ ಹುಡುಗ, ಆ ಬಂದರಿನಲ್ಲಿ ಗುಮಾಸ್ತ. ನನ್ನ ಮಗಳು ಸಾವಿತ್ರಿಯನ್ನು ನೋಡಿ ಒಪ್ಪಿಹೋದವನು, ತಾನಿರುವ ಊರು ಹೀಗಿದೆಯೆಂದು ತಿಳಿಸಿದ್ದ. ಅವಳೂ ಒಪ್ಪಿದ್ದಳು. ಉಳಿದದ್ದು ನನ್ನದೊಂದು ‘ಹೂಂ’. ಊರಿನ ಹೆಸರಾದರೂ ಬೇರೆ ಇರಬಾರದಿತ್ತೇ? ಎಲ್ಲರೂ ‘ಕೊಚ್ಚಿ’ ಎಂದು ನಿಲ್ಲಿಸುತ್ತಿದ್ದರು. ‘ಹೋಯಿತು’ ಎಂಬುದನ್ನು ನನ್ನ ಮನಸ್ಸೇ ಸೇರಿಸಿಕೊಳ್ಳುತ್ತಿತ್ತು.

ತೆಲುಗು ಸೀಮೆಯ ಅಂಚಿನ ಗೌನಿಪಲ್ಲಿಯಲ್ಲಿ ಹುಟ್ಟಿದ ನಮ್ಮಮ್ಮ ಒಂದು ಬೆಳಗ್ಗೆ ಚಿತ್ರಕ್ಕೆ ಮೂಗು ತಾಗಿಸಿ ಬಹಳ ಹೊತ್ತು ಏನನ್ನೋ ಹುಡುಕಿದರು.

“ಕೆರೆ ದೊಡ್ಡದೇ. ತೂಬೆಲ್ಲಿ ನಾಯನಾ?”

“ಸಮುದ್ರಕ್ಕೆ ತೂಬಿರಲ್ಲಮ್ಮ.”

“ಮತ್ತೆ ಗದ್ದೆಗೆ ನೀರು ಬಿಡೋನು ಯಾರು?”

“ಯಾರೂ ಇಲ್ಲ. ಉಪ್ಪುನೀರು ಅದು.”

“ಹಂಗಾದ್ರೆ ನಿನ್ನ ಸರದಿ, ನನ್ನ ಸರದಿ ಅಂತ ಜಗಳಾನೂ ಇಲ್ಲ ಅನ್ನು. ಒಳ್ಳೆ ಊರೇ. ಕೊಡು ಹುಡುಗೀನ.”

ಕೆರೆಗಳ ಕೆಳಗೆ ಬಾಳಿದ ನಮಗೆ ನೀರೆಂದರೆ ಕಟ್ಟೆಯೊಳಗೆ ಅಡಗಿ, ಹೇಳಿದಾಗ ಹೇಳಿದಷ್ಟೇ ಹೊರಬರಬೇಕಾದದ್ದು. ಮಗಳನ್ನೂ ಹಾಗೆಯೇ ಬೆಳೆಸಿ, ತೂಬಿನ ಬಳಿ ನೀರುಗಂಟಿಯಂತೆ ಹದಿನೆಂಟು ವರ್ಷ ಕಾವಲು ಕೂತವನು ನಾನು. ಆ ಕೆಲಸ ಬಿಟ್ಟರೆ ನನಗೆ ಬೇರೇನು ಬರುತ್ತದೆ, ಹೇಳಿ.

“ಅಲ್ಲಿ ನೋಡಮ್ಮ, ಕಿಟಕೀಲಿ ಕೆಂಪು ಬಾವುಟ. ಅಪಾಯಕ್ಕೇ ಕಟ್ಟಿರೋದು,” ಎಂದೆ, ಕಡೆಯ ಅಸ್ತ್ರವೆಂಬಂತೆ.

ಸಾವಿತ್ರಿ ಕೈ ಒರೆಸಿಕೊಳ್ಳುತ್ತ ಅಡಿಗೆಮನೆಯಿಂದ ಬಂದಳು. “ಬಾವುಟ ಅಲ್ಲಪ್ಪ, ಸೀರೆ. ಯಾರೋ ಒಣಗಹಾಕಿದಾರೆ. ಕೊಚ್ಚಿಹೋಗೋ ಊರಲ್ಲಿ ಸೀರೆ ಒಗೆದು ಹಾಕ್ತಾರಾ?”

ಹದಿನೈದು ದಿನ ಮನಸ್ಸಿನಲ್ಲೇ ಹಡಗು ಮುಳುಗಿಸುತ್ತ ಕೂತಿದ್ದ ನನಗೆ ಅಲ್ಲೊಬ್ಬಳು ಬಟ್ಟೆ ಒಗೆದದ್ದು ಕಂಡಿರಲಿಲ್ಲ.

ಅಂದೇ ಮಾಲೂರಿಗೆ ಒಪ್ಪಿಗೆಯ ಕಾಗದ ಬರೆದೆ. ಕೊನೆಗೆ ತಡೆಯಲಾರದೆ, ‘ಹುಡುಗ ಹಿಡಿದಿರುವ ಮನೆ ನೀರಿನಿಂದ ಎಷ್ಟು ದೂರ?’ ಎಂದು ಸೇರಿಸಿದೆ. ಸಾವಿತ್ರಿ ಅದನ್ನು ಹೊಡೆದುಹಾಕಿ ಕೆಳಗೆ ದುಂಡಗೆ ಬರೆದಳು: ‘ಅಲ್ಲಿ ದೋಣಿ ಹತ್ತಲು ಹೆಂಗಸರನ್ನೂ ಬಿಡುತ್ತಾರೆಯೇ?’

ನಾನು ನೋಡಿಯೂ ನೋಡದವನಂತೆ ಲಕೋಟೆಗೆ ಅಂಟು ಹಚ್ಚಿದೆ.