ಬಣ್ಣ ಹಚ್ಚಿದ ಮೆದುಳು

ಅವರ ಬೆರಳ ತುದಿಗಳು ಬಿರಿದು ಕಂದುಗಟ್ಟಿದ್ದವು. ಸರ್ಕಾರಿ ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಮೂವತ್ತು ವರ್ಷ ಎಕ್ಸ್‌ರೇ ಫಿಲ್ಮುಗಳನ್ನು ತೊಳೆದ ಕೈ ಅದು. ಕಡೂರಿನ ನಮ್ಮ ಬೀದಿಗೆಲ್ಲ ಅವರು ಎಕ್ಸ್‌ರೇ ಮಾಮ. ನನ್ನ ತವರಿನ ಪಕ್ಕದ ಮನೆ. ಹಿಡಿಸದ್ದು ಕಂಡರೆ ಮೂಗು ಸಿಂಡರಿಸಿ "ಥೂ" ಎನ್ನುವರು. ಹಳಸಿದ ಸಾರಿಗೂ ಅದೇ, ಸುಳ್ಳು ಹೇಳುವ ನೆಂಟನಿಗೂ ಅದೇ.

ಅಮ್ಮ ಸತ್ತ ವರ್ಷ ನನಗೆ ಊಟ, ನಿದ್ದೆ, ಶಾಲೆಯ ಟೀಚರ್ ಕೆಲಸ ಎಲ್ಲ ಬಿಟ್ಟುಹೋಯಿತು. ಅಜ್ಜಂಪುರದ ಗಂಡನ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ. ಒಂದೆರಡು ಸಲ ಅಮ್ಮ ಹೆಸರು ಹಿಡಿದು ಕರೆದಂತಾಯಿತು. ಅದನ್ನು ಗಂಡನಿಗೆ ಹೇಳಿದೆ. ಮರುದಿನವೇ ನಾದಿನಿ ನನ್ನನ್ನು ಹೆದ್ದಾರಿ ಬದಿಯ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಕರೆದೊಯ್ದಳು. ಅಲ್ಲಿದ್ದವನು ಕೆಂಪು, ನೀಲಿ ಬಣ್ಣ ತುಂಬಿದ ನನ್ನ ಮೆದುಳಿನ ಚಿತ್ರದ ಮೇಲೆ ಪೆನ್ನಿಟ್ಟು, "ಡಿಪ್ರೆಶನ್ ಆಗಿದ್ರೆ ಇಲ್ಲಿ ನೀಲಿ ಬರೋದು. ಇದು ಕೆಂಪು, ಸ್ಕಿಜೋಫ್ರೀನಿಯಾ" ಎಂದ.

ನಾವು ಮನೆ ಸೇರುವ ಮೊದಲೇ ಆ ಚಿತ್ರ ನೆಂಟರ ವಾಟ್ಸಾಪ್ ಗುಂಪು ಸೇರಿತ್ತು. ಕೆಳಗೆ ಯಾರೋ ಕೈಮುಗಿಯುವ ಗುರುತು ಹಾಕಿದ್ದರು. ಈಗ ನೆನೆದರೂ ಅಸಹ್ಯವಾಗುತ್ತದೆ. ವಾರದೊಳಗೆ ಗಂಡ ನನ್ನನ್ನು ಕಡೂರಿಗೆ ತಂದುಬಿಟ್ಟು, "ಡೈವೋರ್ಸ್ ಪೇಪರ್ ಕಳಿಸ್ತೀನಿ" ಎಂದು ಹೊರಟುಹೋದ.

ಮಾಮ ಆ ಬಣ್ಣದ ಹಾಳೆ ನೋಡಿದರು. "ರಂಗೋಲಿ ಬಿಟ್ಟವ್ನಲ್ಲೇ ಬೋಳೀಮಗ! ನಡಿ" ಎಂದರು. ಹೊರಡುವಾಗ ಬೀರುವಿನಿಂದ ಮೆದುಳಿನ ಸ್ಕ್ಯಾನಿನ ಒಂದು ಹಳೆಯ ಫಿಲ್ಮ್ ತೆಗೆದು, ಹೆಸರಿರುವ ಮೂಲೆಗೆ ಟೇಪು ಅಂಟಿಸಿ ಕಂಕುಳಲ್ಲಿ ಇಟ್ಟುಕೊಂಡರು.

ಸೆಂಟರಿನಲ್ಲಿ ಅದನ್ನು ಮುಂದಿಟ್ಟು ಕೇಳಿದರು: "ಇದರಲ್ಲಿ ಏನೈತೆ ಹೇಳಪ್ಪಾ."

ಅವನು ಬೆಳಕಿಗೆ ಹಿಡಿದು ನೋಡಿ, "ಏನಿಲ್ಲ ಸಾರ್, ನಾರ್ಮಲ್" ಎಂದ.

"ನನ್ ತಮ್ಮನ ತಲೆ ಕಣೋ ಅದು! ಇಪ್ಪತ್ತು ವರ್ಷದಿಂದ ಸ್ಕಿಜೋಫ್ರೀನಿಯಾ ಅವನಿಗೆ. ಫೋಟೋ ನೋಡಿ ಕಾಯಿಲೆ ಹೇಳ್ತೀಯಲ್ಲ, ಹೇಳು ಈಗ!"

ಅವನು ಎದ್ದು ಒಳಗೆ ಹೋದ. ಹೊರಗೆ ಬರಲೇ ಇಲ್ಲ.

ಅಲ್ಲಿಂದ ಮಾಮ ನನ್ನನ್ನು ಶಿವಮೊಗ್ಗದ ಮನೋವೈದ್ಯರೊಬ್ಬರ ಬಳಿ ಕರೆದೊಯ್ದರು. ಅವರು ಒಂದು ಗಂಟೆ ನನ್ನ ಮಾತು ಕೇಳಿದರು. ನೂರಾರು ಜನರ ಸ್ಕ್ಯಾನುಗಳನ್ನು ಒಟ್ಟಿಗಿಟ್ಟು ಹೋಲಿಸಿದರೆ ಈ ಎರಡು ಕಾಯಿಲೆಗಳ ನಡುವೆ ಸಣ್ಣ ವ್ಯತ್ಯಾಸಗಳು ಕಾಣುತ್ತವೆ, ಒಬ್ಬರ ಚಿತ್ರ ಹಿಡಿದು ಇಂಥದ್ದೇ ಎನ್ನಲಾಗದು ಎಂದು ಬಿಡಿಸಿ ಹೇಳಿದರು. ನನ್ನದು ಖಿನ್ನತೆ ಎಂದು ಮಾತ್ರೆ ಬರೆದರು.

ವಾಪಸ್ಸು ಬರುವಾಗ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತ ನಾನು ಹಗುರವಾಗಿ, "ಸದ್ಯ ಮಾಮ, ನಿಮ್ಮ ತಮ್ಮನ ಕಾಯಿಲೆ ನಂಗಿಲ್ವಲ್ಲ" ಎಂದೆ.

ಅವರು ಲೋಟ ಕೆಳಗಿಟ್ಟರು.

"ಥೂ! ಇದ್ದಿದ್ರೆ ಏನೇ ಆಗೋದು? ಮನುಷ್ಯಳಾಗಿ ಉಳೀತಿರ್ಲಿಲ್ವಾ? ಆ ಫೋಟೋ ಹಂಚಿದೋರ್ ಜೊತೆ ನೀನೂ ಸೇರ್ಕೊಂಡ್ಬಿಟ್ಟೆ ಕಣೇ."

ಕಡೂರಿನ ಬಸ್ಸು ಹತ್ತಿದೆವು. ಅಷ್ಟು ದಿನ ಬೇರೆಯವರ ಮೇಲಿದ್ದ ಅಸಹ್ಯವೆಲ್ಲ ನನ್ನ ಮೇಲೇ ತಿರುಗಿತ್ತು.

ಮುಂದಿನ ಭಾನುವಾರ ನಾನೇ ಕೇಳಿಕೊಂಡು ಅವರೊಡನೆ ಯಗಟಿಗೆ ಹೋದೆ. ಮಾಮನ ತಮ್ಮ ಅಲ್ಲಿ ಅಣ್ಣನ ಹೊಲದ ಮನೆಯಲ್ಲಿದ್ದು ಕುರಿ ಸಾಕುತ್ತಿದ್ದ. ಮಾತು ಕಡಿಮೆ. ನನಗೆ ಕೂರಲು ಕಂಬಳಿ ಹಾಸಿ, ಎಳನೀರು ಕೆತ್ತಿಕೊಟ್ಟ. ಆಮೇಲೆ ಭಾನುವಾರಗಳೆಲ್ಲ ಹಾಗೇ ಕಳೆದವು. ಪ್ರತಿ ಸಲವೂ ಮಾಮ ತಮ್ಮನನ್ನು ಮೊದಲು ಕೇಳುತ್ತಿದ್ದುದು, "ಇವತ್ತಿನ ಮಾತ್ರೆ ನುಂಗಿದ್ಯೇನೋ?" ನಾನು ಚೇತರಿಸಿಕೊಂಡು ಶಾಲೆಗೆ ಮರಳಿದ್ದು ತಿಳಿದು ಗಂಡ "ಹೋಗಿದ್ದು ಹೋಯ್ತು ಬಾ" ಎಂದು ನಗುತ್ತ ಬಂದ. ಆ ನಗು ನೋಡಲಾಗದೆ ಬಾಗಿಲು ಹಾಕಿಕೊಂಡೆ.

ಹೋದ ವರ್ಷ ಮಾಮ ಎದೆನೋವಿನಿಂದ ತೀರಿಕೊಂಡರು. ಯಗಟಿಯ ಹೊಲದ ಮನೆಯ ಮುಂದೆ ಅವರನ್ನು ಮಲಗಿಸಿದ್ದರು. ತಮ್ಮ ಎಲ್ಲಿ ಎಂದು ಕೇಳಿದೆ. "ಏನಾದ್ರೂ ರಂಪ ಮಾಡ್ತಾನೆ ಅಂತ ಕುರಿ ರೊಪ್ಪದಲ್ಲಿ ಕೂಡಿಹಾಕಿದೀವಿ" ಎಂದ ಒಬ್ಬ ನೆಂಟ, ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡು. ನನಗೂ "ಥೂ" ಎಂದೇ ಬಾಯಿಗೆ ಬಂತು. ಹೋಗಿ ಅಗುಳಿ ತೆಗೆದೆ, ತಮ್ಮನ ಕೈಹಿಡಿದು ಕರೆತಂದೆ. ಯಾರೂ ತಡೆಯಲಿಲ್ಲ.

ಅವನು ಮಂಡಿಯೂರಿ ಕೂತು ಅಣ್ಣನ ಬಾಯಿಗೆ ನೀರು ಬಿಟ್ಟ. ಗಲ್ಲಕ್ಕಿಳಿದ ಹನಿಯನ್ನು ಟವೆಲಿನಿಂದ ಒರೆಸಿದ. ಕಿವಿಯ ಹತ್ತಿರ ಬಗ್ಗಿ, "ಅಣ್ಣ, ಇವತ್ತಿನ ಮಾತ್ರೆ ನುಂಗಿದೀನಿ ಕಣಣ್ಣ" ಎಂದ.