ಕರೆಂಟಿನ ಗಾಡಿಯ ಟೊಕ್ ಟೊಕ್

ಗಂಡನ ಹೆಸರು ಹೇಳಬಾರದೆಂದು ತವರಿನಲ್ಲಿ ಕಲಿಸಿದ್ದರು. ಇಷ್ಟು ವರ್ಷ ಈ ಮನುಷ್ಯನ ಜೊತೆ ಬಾಳಿದ ಮೇಲೆ ಅದನ್ನೆಲ್ಲ ಬಿಟ್ಟಿದ್ದೇನೆ. ಹೆಸರು ರೇವಣಸಿದ್ಧ. ಲಿಂಗನೂರಿನ ಕುರಿ ಕಾಯುವ ಮನೆತನ. ಈಗ ಮಿರಜ, ಸಾಂಗಲಿ ಅಂತ ಬಾಡಿಗೆ ಗಾಡಿ ಓಡಿಸುತ್ತಾರೆ.

ಕಿವಿ ಮಾತ್ರ ಇನ್ನೂ ಕುರುಬನದೇ. ಹಿಂಡಿನಲ್ಲಿ ಯಾವ ಕುರಿ ಕೆಮ್ಮಿತೆಂದು ಕಂಬಳಿಯೊಳಗಿಂದಲೇ ಹೇಳುತ್ತಿದ್ದರು. ನಾನು ಒಲೆ ಮುಂದೆ ಗೊಣಗಿದ್ದೂ ಅಂಗಳದಲ್ಲಿ ಕೇಳಿಸುತ್ತದೆ. ಉಪ್ಪು ತನ್ನಿ ಎಂದು ಕೂಗಿದರೆ ಮಾತ್ರ ಕೇಳಿಸುವುದಿಲ್ಲ.

ಹಳೆಯ ಡೀಸೆಲ್ ಜೀಪು ಕೈಕೊಟ್ಟಾಗ ಅದನ್ನೂ, ಉಳಿದಿದ್ದ ನಾಲ್ಕು ಕುರಿಗಳನ್ನೂ ಮಾರಿ ಕರೆಂಟಿನ ಕಾರು ತಂದರು. ಅತ್ತೆ ಸೋನಾಬಾಯಿ ಅದಕ್ಕೆ ಅರಿಶಿನ ಹಚ್ಚಿ ಬರಮಾಡಿಕೊಂಡರು. ಗಾಡಿ ಬೆಕ್ಕಿನ ಹಾಗೆ ಸದ್ದಿಲ್ಲದೆ ಬರುತ್ತಿತ್ತು, ಸದ್ದಿಲ್ಲದೆ ಹೋಗುತ್ತಿತ್ತು. ಮೊದಲ ಮಳೆಯ ಕೆಸರಿನಲ್ಲಿ ಓಡಾಡಿದ ಮೇಲೆ ಶುರುವಾಯಿತು ನೋಡಿ. ರಸ್ತೆ ಕೆಟ್ಟಲ್ಲೆಲ್ಲ ಟೊಕ್, ಟೊಕ್.

ಜೀಪಾಗಿದ್ದರೆ ಅದರ ಗದ್ದಲದಲ್ಲಿ ಮುಚ್ಚಿಹೋಗುತ್ತಿತ್ತು. ಮ್ಹೈಸಾಳದಿಂದ ವಾರವಾರ ಮಿರಜದ ಆಸ್ಪತ್ರೆಗೆ ಬರುವ ಶಾಲನಕ್ಕ ಇವರ ಕಾಯಂ ಗಿರಾಕಿ. "ಗಾಡಿ ಮುರದ ಬೀಳತೈತೇನ್ರಿ?" ಎಂದು ದಾರಿಯುದ್ದಕ್ಕೂ ಬಾಗಿಲ ಹಿಡಿಕೆ ಬಿಡಲಿಲ್ಲವಂತೆ. ಗ್ಯಾರೇಜಿನವರು ಕಂಪ್ಯೂಟರ್ ಹಚ್ಚಿ ನೋಡಿದರು, ಗಾಲಿ ಬಿಚ್ಚಿ ನೋಡಿದರು, ನುಣುಪಾದ ಡಾಂಬರು ರಸ್ತೆಯಲ್ಲಿ ಓಡಿಸಿ ಏನೂ ಇಲ್ಲ ಎಂದರು.

ಇವರು ಸೀಟು ಬಿಚ್ಚಿದರು, ಸ್ಟೆಪ್ನಿ ಇಳಿಸಿದರು, ಡಿಕ್ಕಿಯಲ್ಲಿ ನನ್ನನ್ನೇ ಕೂರಿಸಿ ಊರು ಸುತ್ತಿಸಿದರು. ನನ್ನ ಸೊಂಟ ಹಿಡಿದುಕೊಂಡಿತು, ಸದ್ದು ಸಿಗಲಿಲ್ಲ. ಕೊನೆಗೆ ಒಂದು ದಿನ, "ಸೋಮವಾರ ಮಾರಿಬಿಡ್ತೇನಿ. ಕುರಿನೂ ಹೋದ್ವು, ಇದೂ ಹೋಗ್ಲಿ" ಎಂದರು.

ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಹಿಂಡು ಕರಗಿದ ಮೇಲೆ ಮಂಕಾಗಿದ್ದ ಮನುಷ್ಯ ಈ ಗಾಡಿಯಿಂದಲೇ ಮತ್ತೆ ಗುನುಗತೊಡಗಿದ್ದರು. ಸದ್ದು ಬಿಟ್ಟರೆ ಇವರ ದೂರು ಇನ್ನೊಂದೇ ಇತ್ತು: ಗಾಡಿ ಬಂದಾಗಿನಿಂದ ಮನೆಯಲ್ಲಿ ಬಿಸಿ ರೊಟ್ಟಿ ಸಿಗುತ್ತಿಲ್ಲ. ರೊಟ್ಟಿ ಅತ್ತೆಯ ಕೆಲಸ, ಅದರಲ್ಲಿ ನಾನು ಕೈ ಹಾಕುವುದಿಲ್ಲ.

ರವಿವಾರ ನಾನೇ ಹೇಳಿದೆ: "ನೀವು ಸಾವಕಾಶ ಓಡಸ್ರಿ. ನಾ ಬಾಜೂಕ ನಡೀತೀನಿ."

ಹಿಂಡಿನ ಜೊತೆ ನಡೆದ ಕಾಲು ನನ್ನದೂ. ಮನೆ ಮುಂದಿನ ಹೊಂಡದ ದಾರಿಯಲ್ಲಿ ಗಾಡಿ ಕುಲುಕುತ್ತ ಬಂತು, ನಾನು ಬಗ್ಗಿ ಕಿವಿಗೊಟ್ಟು ಜೊತೆಗೇ ನಡೆದೆ. ಹಿಂದಿನ ಗಾಲಿಯಲ್ಲ. ಬಾಗಿಲೂ ಅಲ್ಲ. ಸದ್ದು ಮುಂದಿನ ಮೂತಿಯಲ್ಲಿತ್ತು! ನಿಲ್ಲಿಸಲು ಹೇಳಿ ಅಲ್ಲಿನ ಜಾಲರಿಯೊಳಗೆ ಕೈ ಹಾಕಿದೆ. ಕರಿ ಪ್ಲಾಸ್ಟಿಕ್ಕಿಗೆ ಯಾರ ಕಣ್ಣಿಗೂ ಬೀಳದಂತೆ ಕರಿ ಉಣ್ಣೆಯ ಹುರಿ ಕಟ್ಟಿತ್ತು. ಬಿಚ್ಚಿ ಎಳೆದರೆ ಕೆಸರಿನ ಮುದ್ದೆಯೊಂದು ಕೈಗೆ ಬಂತು. ಬೆರಳಿನಿಂದ ಕೆಸರು ಕೆದರಿ ಅಲುಗಾಡಿಸಿದೆ. ಟಣ್ ಟಣ್ ಎಂದಿತು.

ನಮ್ಮ ಕೊನೆಯ ಟಗರಿನ ಗಂಟೆ.

ನಾವು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅತ್ತೆ ಕೂಗಿದರು: "ಬಂದಿ ಏನೋ ರೇವಣಾ? ಕೈಕಾಲ ತೊಳಕೋ, ಹಂಚ ಇಡತೀನಿ!"

ಇವರು ಗಂಟೆ ಹಿಡಿದುಕೊಂಡೇ ಒಳಗೆ ಹೋದರು. "ಅವ್ವಾ, ಇದನ್ನ ನೀ ಕಟ್ಟಿದ್ದೇನು?"

"ಮತ್ತ? ಹೊಸಾ ಟಗರು ಬಂದ್ರ ಗಂಟಿ ಕಟ್ಟೂದಿಲ್ಲೇನು? ಜೀಪು ಕಾಲುವಿ ಹತ್ರ ಬಂದ್ರ ಕೇಳತಿತ್ತು, ನಾ ರೊಟ್ಟಿ ಬಡ್ಯಾಕ ಕುಂದರತಿದ್ನಿ. ಇದಕ ದನೀನ ಇಲ್ಲ. ನೀ ಬಂದದ್ದು ನನಗ ತಿಳಿಯೂದು ಹೆಂಗ? ಕಟ್ಟಿದ ದಿನಾನ ಮಳಿ ಬಂತು, ಗಂಟಿನೂ ಕೇಳವಲ್ದು. ನನ್ನ ಕಿವೀನ ಹೋದ್ವು ಅಂದ್ಕೊಂಡಿದ್ನಿ."

"ಹೇಳಬಾರದಿತ್ತೇನು?"

"ಹೇಳಿದ್ರ ನೀ ಕಟ್ಟಾಕ ಬಿಡತಿದ್ದೇನು?"

ಇವರು ನಗಲು ಹೋದರು, ಕಣ್ಣು ತುಂಬಿ ಬಂತು. ನಾನು ಬಿಡಲಿಲ್ಲ, "ಊರ ಕುರಿ ಕೆಮ್ಮಿದ್ದೆಲ್ಲಾ ಕೇಳತೈತಿ, ತಮ್ಮ ಟಗರಿನ ಗಂಟಿ ಗುರ್ತ ಹತ್ತಲಿಲ್ಲ" ಎಂದೆ.

ಮಾರುವ ಮಾತು ಅಲ್ಲಿಗೆ ಮುಗಿಯಿತು. ಶಾಲನಕ್ಕ ಈಗ ಆರಾಮಾಗಿ ತೂಕಡಿಸುತ್ತ ಆಸ್ಪತ್ರೆಗೆ ಹೋಗುತ್ತಾರೆ. ಗಂಟೆ ಹಗಲೆಲ್ಲ ಬಟ್ಟೆಯಲ್ಲಿ ಸುತ್ತಿಕೊಂಡು ಗಾಡಿಯ ಖಾನೆಯಲ್ಲಿರುತ್ತದೆ. ಸಂಜೆ ಕಾಲುವೆ ದಾಟಿದೊಡನೆ ಇವರು ಅದನ್ನು ಕನ್ನಡಿಗೆ ತೂಗುಹಾಕಿ ಗಾಜು ಇಳಿಸುತ್ತಾರೆ. ಅತ್ತೆಯ ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬುವ ಹೊತ್ತಿಗೆ ಮಗ ಅಂಗಳದಲ್ಲಿರುತ್ತಾನೆ.